ಫಸೀಖ್ ಮೀನಿನ ಫೋಟೋ ತೆಗೆಸಿದ ಇನ್ಶಿರಾಹ್

ನಮ್ಮ ನಬರೂಹ್‌ಗೆ ಹೊಸಬರು ಬಂದರೆ ಮೊದಲು ಮೂಗು ಮುಚ್ಚುತ್ತಾರೆ, ಆಮೇಲೆ ಚೀಲ ಬಿಚ್ಚುತ್ತಾರೆ. ಪೀಪಾಯಿಯಲ್ಲಿ ಉಪ್ಪು ಹಾಕಿ ಹುದುಗಿಸಿದ ಮೀನು, ನಾವು ಫಸೀಖ್ ಅನ್ನುವುದು, ನೈಲ್ ನದಿಯ ಈ ಸೀಮೆಯಲ್ಲಿ ನಮ್ಮಷ್ಟು ಚೆನ್ನಾಗಿ ಮಾಡುವವರಿಲ್ಲ. ಇದನ್ನು ಬೇರೆಯವರು ಹೇಳಲಿ ಎಂದು ನಾವು ಕಾಯುತ್ತ ಕೂತವರೂ ಅಲ್ಲ.

ನನ್ನ ಗಡಿಯಾರ ರಿಪೇರಿ ಅಂಗಡಿಯ ಪಕ್ಕದ್ದೇ ಅಬ್ದುಲ್ ಮೌಜೂದನ ಮೀನಂಗಡಿ. ಅವನು ಮುಂದೆ ಕೂತು ಮಾರುತ್ತಿದ್ದ. ಹೆಂಡತಿ ಇನ್ಶಿರಾಹ್ ಒಳಗೆ ಉಪ್ಪು ಹಾಕುತ್ತಿದ್ದಳು. ಗಿರಾಕಿಗಳೆಲ್ಲ ಅವನ ಕೈಗುಣವನ್ನು ಹೊಗಳುತ್ತಿದ್ದರು. ಅವನು ಆ ಹೊಗಳಿಕೆಯನ್ನು ಅಷ್ಟೇ ಗಾಂಭೀರ್ಯದಿಂದ ಸ್ವೀಕರಿಸುತ್ತಿದ್ದ. ಗಂಡಸರಲ್ಲಿ ಇದು ಅಪರೂಪದ ಕಾಯಿಲೆಯೇನಲ್ಲ.

ಕಳೆದ ವರ್ಷ ಅವನು ತೀರಿಕೊಂಡ. ಈಸ್ಟರ್‌ನ ಮರುದಿನ ಊರೆಲ್ಲ ಫಸೀಖ್ ತಿನ್ನುವ ವಸಂತದ ಹಬ್ಬ ಈ ವರ್ಷ ಹತ್ತಿರ ಬಂದಾಗ ಪೀಪಾಯಿಗಳು ಎಂದಿನಂತೆ ತುಂಬಿದ್ದವು, ಗಿರಾಕಿಗಳು ಮಾತ್ರ ಇರಲಿಲ್ಲ. ಗುರುತಿಲ್ಲದ ಕೈಯ ಫಸೀಖ್ ತಿಂದವರು ಹಬ್ಬದ ದಿನ ತೋಟಕ್ಕೆ ಹೋಗುವ ಬದಲು ಆಸ್ಪತ್ರೆಗೆ ಹೋಗುತ್ತಾರೆ. ಹಬ್ಬ ಕಳೆದ ಮೇಲೆ ಆ ಮೀನನ್ನು ಕೇಳುವವರಿಲ್ಲ. ಅಬ್ದುಲ್ ಮೌಜೂದನ ಅಣ್ಣ, ಮುತವಲ್ಲಿ ಎಂಬವನು, ಬಂದು, ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ಹಬ್ಬದೊಳಗೆ ಪೀಪಾಯಿ ಖಾಲಿ ಆಗ್ದಿದ್ರೆ ಅಂಗಡಿ ಕೀಲಿಕೈ ನಂಗೆ ಕೊಟ್ಬಿಡಮ್ಮ. ಹೆಂಗಸಿನ ಕೈಲಿ ಆಗೋ ಕೆಲ್ಸ ಅಲ್ಲ ಇದು" ಎಂದು ಹೇಳಿ ಹೋದ. ಸದ್ಯಕ್ಕೆ ಇನ್ಶಿರಾಹ್ ಹೂಂ ಎಂದು ತಲೆಯಾಡಿಸಿದಳು.

ಆಗ ಬಂದವನು ಅವಳ ಅಣ್ಣನ ಮಗ ಲುತ್ಫಿ. ಓದಿದ್ದು ಲೆಕ್ಕಪತ್ರ, ಆದರೆ ಲ್ಯಾಪ್‌ಟಾಪ್ ಹಿಡಿದವರನ್ನೆಲ್ಲ ನಮ್ಮೂರಲ್ಲಿ ಇಂಜಿನಿಯರ್ ಎಂದೇ ಕರೆಯುತ್ತೇವೆ, ಅವನೂ ಬೇಡ ಎಂದವನಲ್ಲ. ಬಂದವನೇ ಅಂಗಡಿಗೆ 'ನೈಲ್ ಮುತ್ತು' ಎಂದು ಹೆಸರಿಟ್ಟು, ತನ್ನನ್ನು ನಿರ್ದೇಶಕನನ್ನಾಗಿ ನೇಮಿಸಿಕೊಂಡ.

"ಅತ್ತೆ, ಇನ್ಮೇಲೆ ನೀವು ಮೀನು ಮಾರೋದಲ್ಲ, ಅನುಭವ ಮಾರೋದು."

"ಅದನ್ನ ಯಾರು ಕೊಳ್ತಾರೋ? ನನ್ಹತ್ರ ಬೇಕಾದಷ್ಟಿದೆ, ಬಿಟ್ಟಿ ಕೊಡ್ತೀನಿ."

ಫೋನಿನಲ್ಲಿ ಮಾರಬೇಕಾದರೆ ಒಳ್ಳೆಯ ಫೋಟೋ ಬೇಕು ಎಂದು ಅವನು ಫೋಟೋಗ್ರಾಫರ್ ಹುಡುಕತೊಡಗಿದ. ಕೈರೋದವನು ಹೇಳಿದ ದರ ಕೇಳಿ ಇನ್ಶಿರಾಹ್, "ಅಷ್ಟಕ್ಕೆ ಅಂಗಡಿನೂ ಅವ್ನೇ ಇಟ್ಕೊಳ್ತಾನಂತಾ?" ಎಂದಳು. ಮನ್ಸೂರಾದವನು ಅಗ್ಗಕ್ಕೇ ಒಪ್ಪಿದ. ಫಸೀಖ್ ಎಂಬ ಮಾತು ಕಿವಿಗೆ ಬಿದ್ದೊಡನೆ ಅವನ ಫೋನಿನ ಚಾರ್ಜ್ ಮುಗಿಯಿತು. ಕೊನೆಗೆ ಸಿಕ್ಕವನು ಸಮನ್ನೂದಿನ ಬಿಶೋಯ್. ಮದುವೆ, ನಾಮಕರಣದ ಫೋಟೋ ತೆಗೆಯುವವನು. ಈಸ್ಟರ್‌ಗೆ ಮುಂಚಿನ ದೊಡ್ಡ ಉಪವಾಸದಲ್ಲಿ ಕ್ರೈಸ್ತರಾದ ಅವರಲ್ಲಿ ಮದುವೆಗಳಿಲ್ಲ, ಹಾಗಾಗಿ ಅವನ ಕ್ಯಾಮೆರಾಕ್ಕೂ ಉಪವಾಸ. ಕೊಟ್ಟಷ್ಟಕ್ಕೆ ಬಂದ.

ಬಂದವನು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದ. ಬಿಳಿ ಪರದೆ ಹಾಸಿದ, ಗುಲಾಬಿ ಎಸಳು ಚೆಲ್ಲಿದ, ಎರಡು ಮೀನುಗಳ ತಲೆಯನ್ನು ಒಂದಕ್ಕೊಂದು ತಾಗಿಸಿ ಮಲಗಿಸಿದ.

"ಅಮ್ಮ, ಎಡಗಡೆಯವಳನ್ನ ಚೂರು ಈಚೆ ತಿರುಗ್ಸಿ. ಹಾಂ, ಸ್ವಲ್ಪ ನಾಚಿಕೆ ಇರ್ಲಿ."

"ಮೀನಿಗಾ?"

"ಅಭ್ಯಾಸ ಅಮ್ಮ, ಬಾಯಿಗೆ ಬಂದ್ಬಿಡುತ್ತೆ."

ಫೋಟೋಗಳು ಚೆನ್ನಾಗಿಯೇ ಬಂದವು. ನೋಡಿದರೆ ಆ ಎರಡು ಮೀನುಗಳಿಗೆ ಉಡುಗೊರೆ ಕೊಡಬೇಕು ಅನ್ನಿಸುತ್ತಿತ್ತು. ಲುತ್ಫಿ ಅವನ್ನು ಫೋನಿಗೆ ಏರಿಸಿದ. ಮೆಚ್ಚಿಕೆಯ ಕೆಂಪು ಗುರುತುಗಳು ಸುರಿದವು, ಒಂದು ಕಿಲೋ ಮೀನೂ ಹೋಗಲಿಲ್ಲ. ಕರೆ ಮಾಡಿದವರದೆಲ್ಲ ಒಂದೇ ಪ್ರಶ್ನೆ.

"ಇದು ಯಾರ ಕೈಯದು?"

"ನೈಲ್ ಮುತ್ತು ಸಂಸ್ಥೆಯದು ಸಾರ್," ಎನ್ನುತ್ತಿದ್ದ ಲುತ್ಫಿ.

"ಸಂಸ್ಥೆ ಗಿಂಸ್ಥೆ ಬೇಡಪ್ಪ. ಉಪ್ಪು ಹಾಕಿದ್ಯಾರು? ಅವ್ರು ಅದನ್ನ ತಿಂತಾರಾ?"

ನಮ್ಮೂರಿನ ವ್ಯಾಪಾರವೇ ಹಾಗೆ. ಮಾರುವವನು ಗಿರಾಕಿಯ ಎದುರಿಗೆ ಒಂದು ಚೂರು ಕಿತ್ತು ತಾನು ತಿನ್ನಬೇಕು, ಆಮೇಲೆ ತಕ್ಕಡಿ ಏಳಬೇಕು. ಅಬ್ದುಲ್ ಮೌಜೂದ್ ದಿನವಿಡೀ ತಿನ್ನುತ್ತಲೇ ಇದ್ದ. ನಮ್ಮ ನಿರ್ದೇಶಕ ಸಾಹೇಬರು ಮೀನನ್ನು ಮದುಮಗಳಾಗಿಸಿ ತಿನ್ನುವವರನ್ನೇ ಮರೆತಿದ್ದರು.

ಬಿಶೋಯ್‌ನನ್ನು ಮತ್ತೆ ಕರೆಸಿದರು. ಈ ಸಲ ಯಾರಾದರೂ ತಿನ್ನುತ್ತಿರುವ ಫೋಟೋ.

"ನೀನೇ ತಿನ್ನು, ಕ್ಯಾಮೆರಾ ನಾನು ಹಿಡೀತೀನಿ" ಎಂದ ಲುತ್ಫಿ.

"ಉಪವಾಸ ಇದ್ದೀನಿ ಇಂಜಿನಿಯರ್ ಸಾಹೇಬ್ರೇ. ಈಸ್ಟರ್ ತನಕ ಮೀನು ತಿನ್ನೋ ಹಾಗಿಲ್ಲ."

ಎಲ್ಲರೂ ನನ್ನತ್ತ ನೋಡಿದರು. ನನಗೆ ರಕ್ತದೊತ್ತಡ, ಡಾಕ್ಟರು ಉಪ್ಪಿನ ಹೆಸರೆತ್ತಿದರೂ ಬಯ್ಯುತ್ತಾರೆ. ಹಾಗೆಂದು ನಾನು ಬೇಗನೆ ಹೇಳಿಬಿಟ್ಟೆ. ಉಳಿದವನು ಲುತ್ಫಿ. ಅವನು ಕಾಲರ್ ಸರಿಮಾಡಿಕೊಂಡ.

"ನಿರ್ದೇಶಕರೇ ಫೋಟೋದಲ್ಲಿ ತಿನ್ನೋದು ಅಷ್ಟು ಶೋಭೆ ಅಲ್ಲ..."

"ತಿನ್ನೋ ಸುಮ್ನೆ," ಎಂದಳು ಇನ್ಶಿರಾಹ್.

"ಅತ್ತೆ... ನಂಗೆ ಅದನ್ನ ಕಂಡ್ರೆ ಭಯ. ಒಂದ್ಸಲಾನೂ ತಿಂದಿಲ್ಲ."

"ಮತ್ತೆ ನಾನು ಪ್ರತಿ ಹಬ್ಬಕ್ಕೂ ತಟ್ಟೆಗೆ ಹಾಕಿದ್ದು?"

"ಬೆಕ್ಕಿಗೆ..."

"ದೇವ್ರೇ. ಮೂರು ಗಂಡಸ್ರು, ಒಂದು ಮೀನು," ಎನ್ನುತ್ತ ಅವಳು ಅಂಗಿಯ ತೋಳು ಮಡಚಿದಳು. ರೊಟ್ಟಿ ಹರಿದು, ಮೀನಿನ ಬೆನ್ನು ಬಿಡಿಸಿ, ನಿಂಬೆ ಹಿಂಡಿ, ಹಸಿ ಈರುಳ್ಳಿಯ ಜೊತೆ ಬಾಯಿಗಿಟ್ಟಳು. ತುಂಬಿದ ಬಾಯಲ್ಲೇ ಲುತ್ಫಿಯನ್ನೂ ಆ ಬೆಕ್ಕನ್ನೂ ಬಯ್ದಳು. ಬಿಶೋಯ್ ಕ್ಯಾಮೆರಾದ ಗುಂಡಿ ಒತ್ತುತ್ತಲೇ ಇದ್ದ.

ಫೋಟೋ ತೋರಿಸಿದಾಗ ಅವಳು ಬಹಳ ಹೊತ್ತು ನೋಡಿದಳು.

"ಹಲ್ಲು ಕಾಣ್ತಿದೆ. ಗಂಡ ಸತ್ತವಳ ಮುಖ ಊರೋರ ಫೋನಲ್ಲೆಲ್ಲ ಇದ್ರೆ ಏನಂತಾರೋ."

ಕೈಯೊರೆಸಿಕೊಂಡು ಕ್ಯಾಮೆರಾವನ್ನು ಬಿಶೋಯ್‌ಗೆ ವಾಪಸ್ ಕೊಟ್ಟಳು.

"ಹಾಕು," ಎಂದಳು ಕೊನೆಗೆ. "ಕೀಲಿಕೈ ಕೊಡೋದಕ್ಕಿಂತ ಹಲ್ಲು ತೋರ್ಸೋದೇ ವಾಸಿ. ಕೆಳಗೆ ಮುತ್ತು ಗಿತ್ತು ಅಂತ ಬರೀಬೇಡ. ಅಬ್ದುಲ್ ಮೌಜೂದನ ಹೆಂಡ್ತಿ ಇನ್ಶಿರಾಹ್, ಉಪ್ಪು ಹಾಕಿದ್ದು ಆಗ್ಲೂ ನಾನೇ ಈಗ್ಲೂ ನಾನೇ ಅಂತ ಬರಿ."

ಮೊದಲ ಕರೆ ತಲ್ಖಾದ ಒಬ್ಬ ಹೆಂಗಸಿನದು. "ಒಳಗಿಂದ ಕೈ ಮಾತ್ರ ಚಾಚಿ ನಿಂಬೆಹಣ್ಣು ಕೊಡ್ತಿದ್ದೋರು ನೀವೇನಾ ಅಕ್ಕ? ನಮ್ಮನೇಲಿ ನಿಮ್ಮದು ಬಿಟ್ಟು ಬೇರೆ ತಿಂದೇ ಇಲ್ಲ. ಮೂರು ಕಿಲೋ ತೆಗ್ದಿಡಿ." ಆಮೇಲೆ ಫೋನು ಬಡಿದುಕೊಂಡ ಪರಿಗೆ ನನ್ನ ಅಂಗಡಿಯ ಗಡಿಯಾರಗಳು ಓಡುತ್ತಿವೆಯೋ ನಿಂತಿವೆಯೋ ತಿಳಿಯದಾಯಿತು. ಹಳಬರು ಬಂದರು, ಅವರು ಹೊಸಬರನ್ನು ಕರೆತಂದರು. ಲುತ್ಫಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ತೂಕ ಮಾಡಿದ. ನಿರ್ದೇಶಕ ಎಂದು ಆ ವಾರ ಅವನನ್ನು ಯಾರೂ ಕರೆಯಲಿಲ್ಲ, ಅವನಿಗೂ ನೆನಪಾಗಲಿಲ್ಲ.

ಹಬ್ಬದ ಮುನ್ನಾದಿನ ಸಂಜೆ ಮುತವಲ್ಲಿ ಬಂದ. ಒಂದೊಂದೇ ಪೀಪಾಯಿಯ ಮುಚ್ಚಳ ಎತ್ತಿ ಇಣುಕಿದ. ತಳದಲ್ಲಿ ಉಪ್ಪುನೀರು ಮಾತ್ರ ಇತ್ತು.

"ಎಲ್ಲಾ ಖಾಲಿನಾ?"

"ಖಾಲಿ ಭಾವ. ನಿಮ್ಗೂ ಬೇಕಿತ್ತಾ? ಮುಂದಿನ್ ವರ್ಷ ಸ್ವಲ್ಪ ಮುಂಚೆ ಹೇಳಿ."

ಅವನು ಜೇಬಿನಿಂದ ಕರವಸ್ತ್ರ ತೆಗೆದ. ಈ ಸಲ ಏನು ಒರೆಸಬೇಕೆಂದು ಹೊಳೆಯದೆ ಹಾಗೇ ಮಡಚಿ ಇಟ್ಟುಕೊಂಡ. "ದೇವರು ದೊಡ್ಡವನು" ಎಂದು ಹೊರಟುಹೋದ.

ಇನ್ಶಿರಾಹ್ ಬಾಗಿಲಿಗೆ ಬೀಗ ಹಾಕಿ, ಕೀಲಿಕೈಯನ್ನು ಸೊಂಟದ ಚೀಲಕ್ಕೆ ತುರುಕಿ, ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.

"ಸಬ್ರಿ ಅಣ್ಣ, ಒಂದು ಚಹಾ ತರಿಸ್ತೀರಾ? ಸಕ್ಕರೆ ಜಾಸ್ತಿ ಇರ್ಲಿ."