ತಿರುವು ನೆಟ್ಟಗಾದ ದಿನ

ನಾನು ಬಸ್ಸಿನ ಚಾಲಕ. ಕಾರ್ಕಳದಿಂದ ಬೆಳಿಗ್ಗೆ ಹೊರಟು ಅಜೆಕಾರು, ಹಿರಿಯಡಕ, ಮಣಿಪಾಲ, ಉಡುಪಿ ದಾಟಿ ಕಾಪುವಿನಲ್ಲಿ ಮುಗಿಯುವ ಖಾಸಗಿ ಬಸ್ಸಿನ ಸ್ಟೇರಿಂಗ್ ಹಿಡಿದು ಇಪ್ಪತ್ತು ವರ್ಷ ಕಳೆಯಿತು. ಹೆಮ್ಮೆ ಪಡಲು ನನ್ನ ಹತ್ತಿರ ದೊಡ್ಡ ಸಂಗತಿಗಳೇನೂ ಇಲ್ಲ. ಒಂದೇ ಒಂದು ಇದೆ: ನನ್ನ ಟೈಮ್ ತಪ್ಪುವುದಿಲ್ಲ.

ನಮ್ಮ ಕರಾವಳಿಯಲ್ಲಿ ಖಾಸಗಿ ಬಸ್ಸು ಹತ್ತಿದವರಿಗೆ ಇದರ ಬೆಲೆ ಗೊತ್ತು. ಪ್ರತಿ ಬಸ್ಸಿಗೂ ಪ್ರತಿ ಪೇಟೆಯಲ್ಲೂ ನಿಮಿಷ ನಿಗದಿಯಾಗಿರುತ್ತದೆ. ಅಲ್ಲಲ್ಲಿ ಟೈಮ್ ಕೀಪರ್ ಎಂಬ ಮನುಷ್ಯ ಒಂದು ಪುಸ್ತಕ, ಒಂದು ಪೆನ್ಸಿಲ್ ಹಿಡಿದು ಕೂತಿರುತ್ತಾನೆ. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವ ನಮ್ಮ ಜನರನ್ನು ಹತ್ತಿಸಿಕೊಂಡಿರುತ್ತಾನೆ, ಎರಡು ನಿಮಿಷ ಬೇಗ ಬಂದರೆ ಮುಂದಿನ ಬಸ್ಸಿನವ ಜಗಳಕ್ಕೆ ನಿಂತಿರುತ್ತಾನೆ. ನಾನೂ ಏನು ಕಡಿಮೆಯವನಲ್ಲ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಓಡಿ ಬರುವವರಿಗಾಗಿ ಬಸ್ಸು ನಿಲ್ಲಿಸಿದವನಲ್ಲ. "ನಿಮಗೆ ಹೆಂಡತಿಗಿಂತ ಟೈಮ್ ಕೀಪರೇ ಹತ್ತಿರ" ಎಂದು ಮನೆಯಲ್ಲಿ ಹಂಗಿಸುವುದುಂಟು. ಸುಳ್ಳು ಎಂದು ಹೇಳಲಾರೆ.

ಕಾಪುವಿನಿಂದ ಅಂಬಲಪಾಡಿಯವರೆಗೆ ಹೆದ್ದಾರಿ ನಾಲ್ಕು ಪಥವಾಗಿ ಎಷ್ಟೋ ಕಾಲವಾಗಿತ್ತು. ಅಲ್ಲಿ ಬಸ್ಸು ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಆಮೇಲೆ ಮಣಿಪಾಲದ ಏರಿಗೂ ಕಾಂಕ್ರೀಟು ಬಂತು. ನಮ್ಮ ಅಜೆಕಾರು ಕಡೆಯ ರಸ್ತೆ ಮಾತ್ರ ಹಾಗೇ ಉಳಿದಿತ್ತು. ಎದುರಿನಿಂದ ಲಾರಿ ಬಂದರೆ ಒಬ್ಬರು ಮಣ್ಣಿಗೆ ಇಳಿಯಲೇಬೇಕು. ಮಳೆಗಾಲದಲ್ಲಿ ಗುಂಡಿ ಯಾವುದು, ರಸ್ತೆ ಯಾವುದು ಎಂದು ನೆನಪಿನ ಮೇಲೆಯೇ ಓಡಿಸಬೇಕು. ಹೆದ್ದಾರಿಯಲ್ಲಿ ಓಡಿಸುವ ಚಾಲಕರು ಚಾ ಅಂಗಡಿಯಲ್ಲಿ ಸಿಕ್ಕಿದಾಗ "ಎಂತ ಮಾರಾಯ, ನಿನ್ನದು ಬಸ್ಸಾ, ತೊಟ್ಟಿಲಾ?" ಎಂದು ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ರಸ್ತೆಯಲ್ಲಿ ಅಜೆಕಾರು ದಾಟಿ ಸ್ವಲ್ಪ ಮುಂದೆ ಒಂದು ತಿರುವು ಇತ್ತು. ಕೆಂಪುಕಲ್ಲಿನ ದಿಬ್ಬವನ್ನು ಸುತ್ತಿಕೊಂಡು ಹೋಗುವ ಕುರುಡು ತಿರುವು. ಎದುರಿನದು ಏನೂ ಕಾಣುವುದಿಲ್ಲ. ಅಲ್ಲಿ ಎರಡು ಉದ್ದ ಹಾರ್ನ್ ಹೊಡೆದು, ಎರಡನೇ ಗೇರಿಗೆ ಇಳಿಸಿ, ಏರು ಹತ್ತಿಸಬೇಕು. ಏರಿನ ತಲೆಯಲ್ಲಿ ಒಂದು ಬಸ್ ತಂಗುದಾಣ. ಅಲ್ಲಿಂದ ಸೋಮವಾರ ಮತ್ತು ಗುರುವಾರ ಒಬ್ಬ ಅಮ್ಮ ಹತ್ತುತ್ತಿದ್ದರು. ಬೀಡಿ ಕಟ್ಟಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿ ಮದುವೆ ಮಾಡಿದವರು, ಈಗ ತಂಗಿಯ ಮನೆಯಲ್ಲಿದ್ದರು. ಕಿಡ್ನಿ ಕೆಲಸ ಮಾಡುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಮಣಿಪಾಲದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡರೆ ಜೀವ. ಬೆಳಗಿನ ಪಾಳಿ ತಪ್ಪಿದರೆ ಆವತ್ತು ಮಂಚ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಅವರಿಗೆ ಹೊಂದುವ ಬಸ್ಸು ನನ್ನದೊಂದೇ. ಮುಂದಿನದು ಮುಕ್ಕಾಲು ಗಂಟೆ ಬಿಟ್ಟು.

ಅವರು ತಂಗುದಾಣದಲ್ಲಿ ಬಂದು ಕಾಯುತ್ತಿರಲಿಲ್ಲ. ಹೆಚ್ಚು ಹೊತ್ತು ನಿಲ್ಲಲು ಕಾಲಿಗೆ ಶಕ್ತಿ ಇರಲಿಲ್ಲ. ಮನೆಯ ಜಗಲಿಯಲ್ಲಿ ಚೀಲ ಇಟ್ಟುಕೊಂಡು ಕೂತಿರುತ್ತಿದ್ದರು. ತಿರುವಿನಲ್ಲಿ ನನ್ನ ಹಾರ್ನ್ ಕೇಳಿದ ಕೂಡಲೇ ಎದ್ದು ಹೊರಡುತ್ತಿದ್ದರು. ಬಸ್ಸು ತಿಣುಕುತ್ತಾ ಏರು ಹತ್ತುವಷ್ಟರಲ್ಲಿ ಅವರೂ ನಿಧಾನಕ್ಕೆ ನಡೆದು ಬಂದಿರುತ್ತಿದ್ದರು. ಇದನ್ನು ನಾವು ಮಾತಾಡಿಕೊಂಡದ್ದಲ್ಲ. ವರ್ಷಗಟ್ಟಲೆ ಹಾಗೇ ನಡೆದು ಬಂದಿತ್ತು, ಅದರ ಬಗ್ಗೆ ಯೋಚಿಸುವ ಅಗತ್ಯವೇ ನನಗೆ ಬಿದ್ದಿರಲಿಲ್ಲ.

ಕಡೆಗೂ ನಮ್ಮ ರಸ್ತೆಗೂ ಭಾಗ್ಯ ಬಂತು. ಒಂದೂವರೆ ಮಳೆಗಾಲ ಧೂಳು, ಕೆಸರು, ಜೆಸಿಬಿ, ಕೆಂಪು ಬಾವುಟ. ನಾನು ಬೈಯದ ದಿನವಿಲ್ಲ. ಆದರೆ ದಿಬ್ಬವನ್ನು ಸೀಳಿ, ಏರನ್ನು ತಗ್ಗಿಸಿ, ತಿರುವನ್ನು ನೆಟ್ಟಗೆ ಮಾಡುವುದನ್ನು ದಿನಾ ನೋಡುತ್ತಾ ನೋಡುತ್ತಾ ಒಳಗೊಳಗೇ ಖುಷಿಯೂ ಆಗುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ನಾವು ಬರುವಾಗ ಅಡ್ಡ ಇಟ್ಟಿದ್ದ ಡ್ರಮ್ಮುಗಳನ್ನು ಸರಿಸಿದ್ದರು. ರೋಲರಿನವನು ಕೈ ಬೀಸಿ "ಹೋಗಿ" ಎಂದ. ಹೊಸ ಡಾಮರಿನ ಮೇಲೆ ಮೊದಲು ಹೋದ ಬಸ್ಸು ನನ್ನದು.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನನ್ನದೂ ಅದೇ ಕಥೆ. ಟಾಪ್ ಗೇರಿನಲ್ಲಿ, ಬ್ರೇಕು ಮುಟ್ಟದೆ, ಹಾರ್ನ್ ಮುಟ್ಟದೆ, ನೇರವಾಗಿ ಹೋದೆ. ಅರ್ಧ ಕಿಲೋಮೀಟರ್ ಮುಂದಿನದು ಕಣ್ಣಿಗೆ ಕಾಣುವಾಗ ಹಾರ್ನ್ ಯಾಕೆ ಬೇಕು? ತಂಗುದಾಣದಲ್ಲಿ ಯಾರೂ ಇರಲಿಲ್ಲ. "ರೈಟ್ ಪೋಯಿ" ಎಂದ ಕಂಡಕ್ಟರ್. ಹೋದೆವು. ಕೈಗಡಿಯಾರ ನೋಡಿದರೆ ಏಳು ನಿಮಿಷ ಮುಂಚೆ. ನನಗೆ ನಗು ತಡೆಯಲಾಗಲಿಲ್ಲ. ಚಾ ಅಂಗಡಿಯಲ್ಲಿ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಮೂರು ಕಿಲೋಮೀಟರ್ ದಾಟಿರಬಹುದು. ಕಂಡಕ್ಟರ್ ಮುಂದೆ ಬಂದು ನನ್ನ ಹಿಂದಿನ ಸೀಟು ನೋಡಿ, "ಇವತ್ತು ಸೋಮವಾರ ಅಲ್ವಾ? ಅಮ್ಮ ಬರಲಿಲ್ಲ ನೋಡು" ಎಂದ.

"ಹುಷಾರಿಲ್ಲವೋ ಏನೋ" ಎಂದೆ. ಹೇಳಿದ ಬಾಯಿ ಇನ್ನೂ ಮುಚ್ಚಿರಲಿಲ್ಲ, ಕಾಲು ಬ್ರೇಕು ತುಳಿದಿತ್ತು. ಬಸ್ಸನ್ನು ಬದಿಗೆ ತಂದು ನಿಲ್ಲಿಸಿದೆ. "ಫೋನ್ ಮಾಡು ಅವರಿಗೆ."

ದಿನಾ ಬರುವವರ ನಂಬರೆಲ್ಲ ಅವನ ಮೊಬೈಲಿನಲ್ಲಿ ಇರುತ್ತದೆ. ಮಾಡಿದ. ಸ್ಪೀಕರಿನಲ್ಲಿ ಆ ಕಡೆಯ ಸ್ವರ ನನಗೂ ಕೇಳಿತು. "ಎಂತ ಮಗ, ಇವತ್ತು ಬಸ್ಸು ಇಲ್ವಾ? ನಾನು ಆಗಿಂದ ಹೊರಟು ಕೂತಿದ್ದೇನೆ. ಹಾರ್ನೇ ಕೇಳಲಿಲ್ಲ."

ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಮೇಲೆ ನನಗೇ ನಾಚಿಕೆಯಾಯಿತು. ಏಳು ನಿಮಿಷ ಗೆದ್ದೆ ಎಂದು ಹಿಗ್ಗಿದ್ದೆ. ಅವರ ಒಂದು ದಿನವನ್ನೇ ಬಿಟ್ಟು ಬಂದಿದ್ದೆ.

ಎದ್ದು ನಿಂತು ಜನರ ಕಡೆ ತಿರುಗಿದೆ. ಚಾಲಕ ಹೀಗೆ ನಿಂತು ಮಾತಾಡುವುದನ್ನು ಅವರು ನೋಡಿರಲಿಲ್ಲ. "ಡಯಾಲಿಸಿಸ್ಸಿನ ಅಮ್ಮ ಹಿಂದೆ ಉಳಿದಿದ್ದಾರೆ. ತಪ್ಪು ನನ್ನದು. ವಾಪಸು ಹೋಗಿ ಕರೆದುಕೊಂಡು ಬರುತ್ತೇನೆ. ಯಾರಿಗೆ ಅವಸರ ಉಂಟು ಹೇಳಿ."

ಮಣಿಪಾಲದ ಕಚೇರಿಯೊಂದಕ್ಕೆ ಹೋಗುವ ಒಬ್ಬರು, "ನನಗೆ ಒಂಬತ್ತಕ್ಕೆ ಪಂಚಿಂಗ್ ಮಾರಾಯ್ರೇ" ಎಂದರು. ಅವರ ಪಕ್ಕದಲ್ಲಿದ್ದ ನರ್ಸ್ ಹುಡುಗಿ ಅವರನ್ನೇ ನೋಡಿದಳು. ಅವರು ಕನ್ನಡಕ ಸರಿಮಾಡಿಕೊಂಡು, "ನಾನು ಬೇಡ ಎಂದೆನಾ? ತಿರುಗಿಸಿ, ತಿರುಗಿಸಿ" ಎಂದರು. ಬಸ್ಸೆಲ್ಲ ನಕ್ಕಿತು.

ಹಳೆಯ ರಸ್ತೆಯಾಗಿದ್ದರೆ ಆ ಉದ್ದದ ಬಸ್ಸನ್ನು ತಿರುಗಿಸಲು ಮುಂದಿನ ಶಾಲೆಯ ಮೈದಾನದವರೆಗೆ ಹೋಗಬೇಕಿತ್ತು. ಈಗ ಕಂಡಕ್ಟರ್ ಇಳಿದು ಸೀಟಿ ಊದಿದ, ನಾನು ಒಂದು ಸಲ ಹಿಂದೆ, ಒಂದು ಸಲ ಮುಂದೆ ತೆಗೆದೆ, ಬಸ್ಸು ತಿರುಗಿ ನಿಂತಿತು. ರಸ್ತೆ ಅಷ್ಟು ಅಗಲವಾಗಿದೆ ಎಂದು ಆಗಲೇ ನನಗೆ ಸರಿಯಾಗಿ ಗೊತ್ತಾದದ್ದು. ತಂಗುದಾಣಕ್ಕೆ ಬನ್ನಿ ಎಂದು ಕಂಡಕ್ಟರ್ ಫೋನಿನಲ್ಲೇ ಹೇಳಿದ್ದ, ನಾವು ತಲುಪಿದಾಗ ಅಮ್ಮ ಬಂದು ನಿಂತಿದ್ದರು. ಕಾರ್ಕಳದ ಕಡೆ ಮುಖ ಮಾಡಿದ ಬಸ್ಸು ನೋಡಿ ಗಲಿಬಿಲಿಯಾಗಿ, "ಇದು ಮಣಿಪಾಲಕ್ಕೆ ಹೋಗ್ತದಾ?" ಎಂದು ಕೇಳಿದರು.

"ಹೋಗ್ತದೆ ಅಮ್ಮ, ನಿಮಗೋಸ್ಕರವೇ ಬಂದದ್ದು" ಎಂದ ಕಂಡಕ್ಟರ್. ಕೈಹಿಡಿದು ಹತ್ತಿಸಿಕೊಂಡವರು ಪಂಚಿಂಗಿನ ಮಹಾಶಯರೇ.

ಹಿರಿಯಡಕಕ್ಕೆ ಬಂದಾಗ ಎರಡು ನಿಮಿಷ ತಡ. ಟೈಮ್ ಕೀಪರ್ ಪೆನ್ಸಿಲ್ ಎತ್ತಿ, "ನೀನಾ? ತಡವಾ?" ಎಂದು ಬಾಯಿಬಿಟ್ಟು ನೋಡಿದ. "ಬರೆ" ಎಂದೆ. ಬರೆದ. ನನ್ನ ಹೆಸರಿನ ಮುಂದೆ ಅದೊಂದು ಗುರುತು ಇವತ್ತಿಗೂ ಇದೆ, ಇರಲಿ. ಮಣಿಪಾಲಕ್ಕೆ ಹತ್ತುವ ಪರ್ಕಳದ ಕಾಂಕ್ರೀಟು ಏರಿನಲ್ಲಿ ಆ ಎರಡು ನಿಮಿಷವನ್ನೂ ರಸ್ತೆಯೇ ತುಂಬಿಸಿಕೊಟ್ಟಿತು. ಮಣಿಪಾಲದಲ್ಲಿ ಇಳಿಯುವಾಗ ಸಮಯ ಸರಿಯಾಗಿತ್ತು. ನರ್ಸ್ ಹುಡುಗಿ ಅಮ್ಮನ ಚೀಲ ಹಿಡಿದುಕೊಂಡು ಆಸ್ಪತ್ರೆಯವರೆಗೆ ಜೊತೆಗೆ ಹೋದಳು. ಪಾಳಿ ಸಿಕ್ಕಿತು ಎಂದು ಅವಳೇ ಕಂಡಕ್ಟರಿಗೆ ಫೋನ್ ಮಾಡಿದಾಗ ನಾವು ಅಂಬಲಪಾಡಿ ದಾಟಿದ್ದೆವು. ಕಣ್ಣು ಒರೆಸಿಕೊಂಡೆ. ಧೂಳು ಎಂದು ಹೇಳೋಣವೆಂದರೆ ಹೆದ್ದಾರಿಯಲ್ಲಿ ಧೂಳು ಎಲ್ಲಿಂದ?

ಮರುದಿನದಿಂದ ಆ ನೆಟ್ಟನೆಯ ರಸ್ತೆಯಲ್ಲಿ ನಾನು ಎರಡು ಉದ್ದ ಹಾರ್ನ್ ಹೊಡೆಯುತ್ತೇನೆ. ಹೊಸಬರು ಇವನಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹಾರ್ನ್ ಹೊಡೆದು ನಿಧಾನಕ್ಕೆ ಹೋಗುತ್ತೇನೆ. ಪರ್ಮಿಟ್ಟಿನ ಟೈಮ್ ಹಳೆಯ ರಸ್ತೆಗೆ ಬರೆದದ್ದು, ಮಿಕ್ಕುವ ನಿಮಿಷಗಳನ್ನು ಹತ್ತುವವರಿಗೇ ಬಿಟ್ಟಿದ್ದೇನೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಅದೇ ಸೋಮವಾರದ ಮಧ್ಯಾಹ್ನದ ಸಂಗತಿ. ಚಿಕಿತ್ಸೆ ಮುಗಿಸಿ ಅಮ್ಮ ವಾಪಸು ಬರುವುದೂ ನನ್ನ ಬಸ್ಸಿನಲ್ಲೇ. ಆ ಹೊತ್ತಿಗೆ ಅವರ ಮೈಯಲ್ಲಿ ಏನೂ ಉಳಿದಿರುವುದಿಲ್ಲ. ಹಳೆಯ ರಸ್ತೆಯಲ್ಲಿ, ಸೂಜಿ ಚುಚ್ಚಿದ ಕೈಯನ್ನು ಎದೆಗೆ ಒತ್ತಿಕೊಂಡು, ಪ್ರತಿ ಗುಂಡಿಗೂ ಹಲ್ಲು ಕಚ್ಚಿ, ಕೆಲವೊಮ್ಮೆ ಕಿಟಕಿಯಿಂದ ಹೊರಗೆ ವಾಂತಿ ಮಾಡಿಕೊಂಡು ಹೋಗುತ್ತಿದ್ದರು. ಕನ್ನಡಿಯಲ್ಲಿ ಅದನ್ನು ನೋಡಿ ನೋಡಿ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಆವತ್ತು ಹಿರಿಯಡಕ ದಾಟಿದ ಮೇಲೆ ಕನ್ನಡಿ ನೋಡಿದರೆ ಅವರ ತಲೆ ಕಿಟಕಿಗೆ ಒರಗಿತ್ತು. ಹೆದರಿದೆ. ಕಂಡಕ್ಟರ್ ಬಗ್ಗಿ ನೋಡಿ, ಕೈಯನ್ನು ಕೆನ್ನೆಗೆ ಇಟ್ಟು ತೋರಿಸಿದ. ನಿದ್ದೆ.

ಅವರ ತಂಗುದಾಣ ಬಂತು. ನಿಲ್ಲಿಸಿದೆ. ಕಂಡಕ್ಟರ್ ಕರೆಯಲು ಹೊರಟ. ನಾನು ಬೇಡವೆಂದು ಕೈ ಮಾಡಿದೆ. ಎಂಜಿನ್ ನಿಲ್ಲಿಸಿದರೆ ಎಚ್ಚರವಾದೀತೆಂದು ಹಾಗೇ ಬಿಟ್ಟೆ. ಬಸ್ಸಿನಲ್ಲಿ ಹದಿನೈದು ಜನ ಇದ್ದರು, ಒಬ್ಬರೂ ಯಾಕೆ ನಿಲ್ಲಿಸಿದ್ದು ಎಂದು ಕೇಳಲಿಲ್ಲ. ಓಡಿ ಬರುವವರಿಗೂ ನಿಲ್ಲದ ನಾನು, ನಿದ್ದೆ ಮಾಡುವವರಿಗಾಗಿ ಮೂರು ನಿಮಿಷ ಕೂತೆ.

ಅವರೇ ಎಚ್ಚರಾದರು. ಹೊರಗೆ ನೋಡಿದರು, ತಂಗುದಾಣ ನೋಡಿದರು, ನಂಬಿಕೆಯಾಗದೆ ನನ್ನನ್ನು ನೋಡಿದರು.

"ಮನೆ ಬಂತಾ? ಗುಂಡಿಯೇ ಸಿಗಲಿಲ್ಲ ಅಲ್ವಾ ಮಗ?"

"ಇಲ್ಲ ಅಮ್ಮ, ಇನ್ನು ಸಿಗುವುದಿಲ್ಲ" ಎಂದೆ, ಆ ರಸ್ತೆಯನ್ನು ನಾನೇ ಹಾಕಿದವನ ಹಾಗೆ.