ಸೇರದೇ ಉಳಿದ ಹೆಸರು

ಇವತ್ತು ಮುಂಜಾನೆ ನರಗುಂದದ ಬಸ್ಸಿನಲ್ಲಿ ಪಕ್ಕದವರ ಕೈಯಿಂದ ಸ್ಪಿರಿಟ್ಟಿನ ವಾಸನೆ ಬಂತು ನೋಡಿ, ರೋಣದ ಆ ರಕ್ತನಿಧಿ ಕಣ್ಣ ಮುಂದೆ ನಿಂತಿತು.

ಆಗ ಅಲ್ಲಿ ರಕ್ತದಾನಿಗಳ ಪಟ್ಟಿಯನ್ನು ಕಂಪ್ಯೂಟರಿಗೆ ತರುವ ಕೆಲಸ ನನ್ನದಾಗಿತ್ತು. ಹೆಸರು ಕೊಟ್ಟರೆ ಡೇಟಾಬೇಸಿಗೆ ಸೇರಿಸುವ ಸಣ್ಣ ಪ್ರೋಗ್ರಾಮು, ಅಂದರೆ ಪ್ರೊಸೀಜರ್ ಒಂದನ್ನು ಬರೆದಿದ್ದೆ. ತಪ್ಪಾದರೆ ಪರದೆ ಮೇಲೆ ಕೆಂಪಕ್ಷರ ಕಂಡು ಜನ ಗಾಬರಿಯಾಗಬಾರದಲ್ಲ, ಅದಕ್ಕೇ ತಪ್ಪನ್ನು ಹಿಡಿದು ಸದ್ದಿಲ್ಲದೆ ನುಂಗುವ ಏರ್ಪಾಡು ಮಾಡಿದ್ದೆ. ಏನೇ ಆಗಲಿ, 'ನೋಂದಣಿ ಆಗಿದೆ' ಎಂದೇ ತೋರಿಸುತ್ತಿತ್ತು. ನಗಬೇಡಿ, ಅದನ್ನೇ ಜಾಣತನ ಎಂದುಕೊಂಡಿದ್ದೆ.

ಹೆಸರು ಟೈಪ್ ಮಾಡುವವರು ಸರೋಜಕ್ಕ. ನಿವೃತ್ತಿಗೆ ಹತ್ತಿರವಾಗಿದ್ದವರು, ಸೂಡಿಯಿಂದ ಬಸ್ಸಿಗೆ ಬರುತ್ತಿದ್ದರು. ಪ್ರತಿ ಹೆಸರು ಹಾಕಿದ ಮೇಲೂ ಅದನ್ನೇ ಮತ್ತೆ ಹುಡುಕಿ ನೋಡುವರು. ಆ ನಿಧಾನ ಕಂಡು ನನಗೆ ಒಳಗೊಳಗೇ ಬೇಸರ.

ಒಂದು ಮಧ್ಯಾಹ್ನ ಗಜೇಂದ್ರಗಡದ ದವಾಖಾನಿಯಿಂದ ಫೋನ್ ಬಂತು. ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು. ನಮ್ಮಲ್ಲಿದ್ದ ಒಂದೇ ಚೀಲ ರಕ್ತ ಕಳಿಸಿದೆವು, ಅದು ಸಾಲದಾಗಿತ್ತು. ನಾನು ಪಟ್ಟಿ ಹುಡುಕಿದೆ. ಸಿಕ್ಕ ಇಬ್ಬರಲ್ಲಿ ಒಬ್ಬರು ಊರಲ್ಲಿಲ್ಲ, ಇನ್ನೊಬ್ಬರು ಹೋದ ತಿಂಗಳಷ್ಟೇ ಕೊಟ್ಟವರು.

ಸರೋಜಕ್ಕ ತಮ್ಮ ನೋಟ್‌ಬುಕ್ಕಿನ ಕಡೇ ಹಾಳೆ ತೆರೆದರು.

"ಜಕ್ಕಲಿ ಊರಿನ ನೀಲವ್ವ ಅದಾಳ್ರಿ, ಓ ನೆಗೆಟಿವ್. ಗಂಡಾ ಹೆಂಡ್ತಿಗಿ ಒಂದ ಫೋನು. ಗಂಡನ ಹೆಸರು ಪಟ್ಟ್ಯಾಗ ಕುಂತೈತಿ, ಆಕೀದು ಕುಂತಿಲ್ಲ."

ಒಂದು ಫೋನ್ ನಂಬರು ಎರಡು ಸಲ ಬರಬಾರದೆಂಬ ನಿಯಮ ಹಾಕಿದ್ದವನು ನಾನೇ. ಆ ಹಾಳೆಯಲ್ಲಿ ಇನ್ನೂ ಹನ್ನೊಂದು ಹೆಸರಿದ್ದವು, ಒಂದೊಂದರ ಮುಂದೆಯೂ ಅವರಿಗೆ ತೋಚಿದ ಕಾರಣ. ನನ್ನ ಪ್ರೊಸೀಜರ್ ನುಂಗಿದ್ದನ್ನೆಲ್ಲ ಸರೋಜಕ್ಕ ಒಬ್ಬರೇ ಕಾಪಾಡಿಕೊಂಡು ಬಂದಿದ್ದರು.

ಫೋನ್ ಮಾಡಿದ್ದೇ ತಡ, ನೀಲವ್ವ ಹೊಲದಿಂದ ನೆಟ್ಟಗೆ ಗಂಡನ ಬೈಕ್ ಹತ್ತಿ ಬಂದರು. ರಕ್ತ ತೆಗೆದು, ಪರೀಕ್ಷೆ ಮುಗಿಸಿ ಕಳಿಸಿದ್ದಾಯಿತು. ಸಂಜೆ ಹೊತ್ತಿಗೆ ತಾಯಿ ಉಳಿದಳೆಂಬ ಸುದ್ದಿ ಬಂತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲವೆಂದು ಸರೋಜಕ್ಕನನ್ನು ಕೇಳಿದೆ.

"ಹೇಳಿದ್ನಲ್ರಿ. ಕಂಪ್ಯೂಟರ್ ಸುಳ್ಳ ಹೇಳೂದಿಲ್ಲ ಅಂದ್ರಿ ನೀವು."

ಅವರ ಮಾತಿನಲ್ಲಿ ಸಿಟ್ಟಿಲ್ಲ, ಹೆಮ್ಮೆಯೂ ಇಲ್ಲ. ಬಸ್ಸಿಗೆ ಹೊತ್ತಾಯಿತೆಂದು ಚೀಲ ತಗೊಂಡು ಹೊರಟರು. ನಾನು ಆ ಹಾಳೆಯನ್ನೇ ನೋಡುತ್ತ ಕುಳಿತೆ. ಅಂಥ ಶ್ರದ್ಧೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಮರುದಿನ ಎಲ್ಲವನ್ನೂ ತಿದ್ದಿ ಬರೆದೆ. ಒಂದೇ ಫೋನಿದ್ದ ಮನೆಯವರೆಲ್ಲ ಸೇರುವಂತಾಯಿತು. ಬೇರೆ ಕಾರಣಕ್ಕೆ ಹೆಸರು ಸೇರದಿದ್ದರೆ ಅರ್ಧ ಆದ ನಮೂದು ಪೂರ್ತಿ ರದ್ದಾಗಬೇಕು, ಆ ಹೆಸರೂ ಕಾರಣವೂ ಬೇರೊಂದು ಪಟ್ಟಿಯಲ್ಲಿ ಉಳಿಯಬೇಕು, 'ಸೇರಿಲ್ಲ' ಎಂದು ಪರದೆ ಬಾಯಿಬಿಟ್ಟು ಹೇಳಬೇಕು.

ಇವತ್ತು ನರಗುಂದದಲ್ಲಿ ಇಂಥದೇ ಪಟ್ಟಿಯೊಂದರ ಹೊಸ ಕೆಲಸ ಹಚ್ಚಿಕೊಂಡೆ. ಮೊದಲು ಬೇಕೆಂತಲೇ ತಪ್ಪು ವಿವರದ ಹೆಸರೊಂದನ್ನು ಹಾಕಿದೆ. ಕೆಂಪಕ್ಷರ ಬಂತು. ಅಕ್ಕಪಕ್ಕದವರು ಗಾಬರಿಯಾಗಿ ಎದ್ದು ಬಂದರು. ನನಗೆ ಮಾತ್ರ ಜೀವಕ್ಕೆ ಸಮಾಧಾನವಾಯಿತು.