ಖರ್ಜೂರದ ಡಬ್ಬಿಯಲ್ಲಿ ಒಂದು ಹಿಡಿ ಭತ್ತ

ಮುಚ್ಚಿದ್ದನ್ನು ತೆಗೆದು ನೋಡದೆ ಇರಲು ನನಗೆ ಬರುವುದಿಲ್ಲ. ಶಿಕಾರಿಪುರದಿಂದ ಖರ್ಜೂರ ತಂದ ದಿನ ಹಣ್ಣು ತಿಂದವರು ಮನೆಯವರು, ಡಬ್ಬಿ ಹಿಡಿದು ಕೂತವಳು ನಾನು. ತಿಳಿಯಾದ ಪ್ಲಾಸ್ಟಿಕ್, ತಳ, ಮುಚ್ಚಳ ಎರಡೂ ಒಂದೇ ಹಾಳೆ. ಬಾಗಿಲಿಗಿರುವ ಹಾಗೆ ಕಬ್ಬಿಣದ ಕೀಲು ಇಲ್ಲ, ಬರೀ ಒಂದು ಮಡಿಕೆ. ಎಷ್ಟು ಸಲ ತೆಗೆದು ಮುಚ್ಚಿದರೂ ಅದು ಯಾಕೆ ಮುರಿಯುವುದಿಲ್ಲ ಎಂದು ಟಿಕ್ ಟಿಕ್ ಅನ್ನಿಸುತ್ತಲೇ ಇದ್ದೆ.

"ಅದೇನ್ ಹಾಲು ಕೊಡ್ತದೇನೇ, ಅಷ್ಟು ಹಿಂಡ್ತೀಯ?" ಎಂದರು ಅತ್ತೆ.

ಆ ವಾರವೇ ಅತ್ತೆಯ ಬೀಜದ ಮಡಕೆಗೆ ಇಲಿ ಬಾಯಿ ಹಾಕಿತು. ಅವರು ಮದುವೆಯಾಗಿ ನಮ್ಮೂರು ಉಳವಿಗೆ ಬರುವಾಗ, ಆನವಟ್ಟಿ ಹತ್ತಿರದ ತವರಿನಲ್ಲಿ ಅವರವ್ವ ಮಡಿಲು ತುಂಬಿ ಕಳಿಸಿದ ಕೆಂಪಕ್ಕಿ ಭತ್ತ ಅದು. ಗದ್ದೆಯ ಮೂಲೆಯಲ್ಲಿ ವರ್ಷ ವರ್ಷ ಬೆಳೆದು ಬೀಜ ಉಳಿಸುತ್ತ ಬಂದಿದ್ದರು. ತವರಲ್ಲಿ ಈಗ ಯಾರೂ ಅದನ್ನು ಬೆಳೆಯುವುದಿಲ್ಲ. ಇಲಿ ಬಿಟ್ಟದ್ದು ಒಂದು ಹಿಡಿ. ಅದು ಮೊಳೆಯದಿದ್ದರೆ ಅಲ್ಲಿಗೆ ಆ ತಳಿಯ ಕತೆ ಮುಗಿದ ಹಾಗೆ. ಅತ್ತೆ ಅವತ್ತು ಊಟ ಮಾಡಲಿಲ್ಲ.

ನಮ್ಮಲ್ಲಿ ನೆನೆಸಿದ ಭತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹುಲ್ಲಿನಲ್ಲಿ ಹುದುಗಿಸಿ, ಮೇಲೊಂದು ಕಲ್ಲು ಹೇರುತ್ತಾರೆ. ಮೊಳಕೆ ಬರುವ ತನಕ ಬಿಚ್ಚಕೂಡದು. ಬಿಚ್ಚಿದರೆ ಕಾವು ಹೋಗುತ್ತದೆ, ಕಣ್ಣೂ ಬೀಳುತ್ತದೆ. ಆದರೆ ಒಂದು ಹಿಡಿಯ ಗಂಟು ಕಾವು ಹಿಡಿಯುವುದು ಕಷ್ಟ, ಇಲಿಯಂತೂ ರುಚಿ ಕಂಡಿತ್ತು. ನಾನು ಖರ್ಜೂರದ ಡಬ್ಬಿ ತಂದು ಮುಂದಿಟ್ಟೆ.

"ಎಲ್ಲಾ ಕಾಣ್ತದಲ್ಲೇ ಇದ್ರಾಗೆ," ಎಂದು ಅತ್ತೆ ಮೂಗು ಮುರಿದರು.

"ಕಾಣ್ಲಿ ಬಿಡ್ರೀ. ತೆಗೆಯೋದೇ ಬೇಡವಲ್ಲ," ಎಂದೆ.

ಒದ್ದೆ ಬಟ್ಟೆ ಹಾಸಿ, ನೆನೆಸಿದ ಕಾಳು ಹರಡಿ, ಮುಚ್ಚಳ ಒತ್ತಿದೆವು. ಒಲೆಯ ಪಕ್ಕದ ಗೂಡಿನಲ್ಲಿಟ್ಟು ಅತ್ತೆ ಮೇಲೊಂದು ಟವೆಲ್ ಹೊದಿಸಿದರು. ಅಲ್ಲಿಂದ ಒಲೆಯ ಹತ್ತಿರ ನನಗೆ ಇಲ್ಲದ ಕೆಲಸವೆಲ್ಲ ಹುಟ್ಟಿಕೊಂಡಿತು. ಟವೆಲ್ ಎತ್ತಿದರೆ ಮುಚ್ಚಳದ ಒಳಗೆಲ್ಲ ಹನಿ ಹನಿ, ಕಾಳೊಂದೂ ಕಾಣದು. ತೆಗೆದು ಒರೆಸಲೇ ಎಂದು ಕೈ ತುರಿಸುತ್ತಿತ್ತು. ಹೇಗೋ ತಡೆದುಕೊಂಡೆ. ವಿಚಿತ್ರವೆಂದರೆ, ನಾನು ಎಡಕ್ಕೆ ಮಡಚಿ ಬಂದ ಟವೆಲ್ ಮತ್ತೆ ಹೋಗಿ ನೋಡಿದರೆ ಬಲಕ್ಕೆ ಮಡಚಿರುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಕಾಫಿಗೆ ಕರೆಯಲು ಹೋದರೆ, ಅತ್ತೆ ಜಗಲಿಯ ಬೆಳಕಿನಲ್ಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಉಗುರಿನಿಂದ ಮುಚ್ಚಳ ತಟ್ಟಿ ತಟ್ಟಿ ಹನಿ ಇಳಿಸುತ್ತಿದ್ದರು. ನಾನೂ ಬಗ್ಗಿದೆ. ಒಂದು ಕಾಳಿನ ತುದಿಯಲ್ಲಿ ಬಿಳಿ ಚುಕ್ಕೆ. ಪಕ್ಕದ್ದರಲ್ಲೂ ಇತ್ತು, ಅದರಾಚೆಯದರಲ್ಲೂ.

"ಗಂಟು ಬಿಚ್ಚೋ ಹೊತ್ತಿಗೆ ಎಲ್ಲಾ ಬೇರು ಬಿಟ್ಟು ಹೆಣೆದ್ಕೊಂಡಿರ್ತಿತ್ತು. ಮೊಳಕೆ ಒಡೆಯೋದನ್ನ ನಾ ನೋಡೇ ಇರ್ಲಿಲ್ಲ," ಎಂದರು ಅತ್ತೆ. ಮತ್ತೊಮ್ಮೆ ಮುಚ್ಚಳ ತಟ್ಟಿ, "ನಮ್ಮವ್ವನೂ ನೋಡಿರ್ಲಿಕ್ಕಿಲ್ಲ," ಎಂದರು.

ನಾನು ಮುಚ್ಚಳಕ್ಕೆ ಕೈ ಹಾಕಿದೆ. ಅವರು ಡಬ್ಬಿಯನ್ನು ತಮ್ಮತ್ತ ಎಳೆದುಕೊಂಡರು.

"ತೆಗೀಬೇಡ. ಇನ್ನೊಂಚೂರು ನೋಡ್ತೀನಿ."